ಮಗು ಹೋದ ಮೇಲೆ ಆ ಫೈಲನ್ನು ಮತ್ತೆ ತೆರೆಯುವುದು ಹೇಗೆ? ಹೆರಿಗೆ ವಾರ್ಡಿನವರಿಗೆ ಒಂದು ಮಾರ್ಗದರ್ಶಿ

ಹೆರಿಗೆ ವಾರ್ಡಿನಲ್ಲಿ ಒಂದು ಮಗು ಹೋದರೆ ಆ ಪಾಳಿಯವರು ಯಾರೂ ಜಾಸ್ತಿ ಮಾತಾಡುವುದಿಲ್ಲ. ರಿಜಿಸ್ಟರಿನಲ್ಲಿ ಒಂದು ಸಾಲು ಬೀಳುತ್ತದೆ, ಕೇಸ್ ಶೀಟು ರೆಕಾರ್ಡ್ ರೂಮಿಗೆ ಹೋಗುತ್ತದೆ, ಅಷ್ಟರಲ್ಲಿ ಇನ್ನೊಬ್ಬರಿಗೆ ನೋವು ಶುರುವಾಗಿರುತ್ತದೆ. ತಿಂಗಳ ಕೊನೆಗೆ ಆ ಸಾಲು ಒಂದು ಅಂಕಿಯಾಗಿ ಮೇಲಿನವರಿಗೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಮಗು ಯಾಕೆ ಹೋಯಿತು ಅನ್ನುವುದು ಆ ರಾತ್ರಿ ಅಲ್ಲಿದ್ದ ಎರಡು ಮೂರು ಜನರ ಹೊಟ್ಟೆಯೊಳಗೇ ಉಳಿದುಬಿಡುತ್ತದೆ.

ಆ ಫೈಲನ್ನು ಮತ್ತೆ ತೆರೆದು, ಒಟ್ಟಿಗೆ ಕೂತು, ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಬದಲಾಗಬೇಕು ಅಂತ ನೋಡುವ ಕೆಲಸವೇ ಶಿಶು ಮರಣ ಪರಿಶೀಲನೆ. ಕೆಲವರು ಆಡಿಟ್ ಅನ್ನುತ್ತಾರೆ. ನನಗೆ ಆ ಪದ ಅಷ್ಟು ಇಷ್ಟವಿಲ್ಲ, ಲೆಕ್ಕ ತಪ್ಪಿದವರನ್ನು ಹಿಡಿಯಲು ಬಂದ ಹಾಗೆ ಕೇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದಕ್ಕೊಂದು ಕೈಪಿಡಿ ಹೊರತಂದಿತು. ಅದರಲ್ಲಿ ಆರು ಹೆಜ್ಜೆಗಳ ಚಕ್ರ ಇದೆ: ಸಾವುಗಳನ್ನು ಗುರುತಿಸುವುದು, ಮಾಹಿತಿ ಕೂಡಿಸುವುದು, ಅದನ್ನು ಬಿಡಿಸಿ ನೋಡುವುದು, ಪರಿಹಾರ ಸೂಚಿಸುವುದು, ಜಾರಿ ಮಾಡುವುದು, ಫಲ ಬಂತಾ ಅಂತ ಅಳೆಯುವುದು. ಕೇಳಲು ಸುಲಭ. ಆದರೆ ನಾಲ್ಕನೇ ಹೆಜ್ಜೆಗೆ ಬಂದಾಗ ಚಕ್ರ ನಿಂತುಹೋಗುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಮೀಟಿಂಗ್ ಆಗುತ್ತದೆ, ಟೀ ಆಗುತ್ತದೆ, ನಡಾವಳಿ ಪುಸ್ತಕಕ್ಕೆ ಸಹಿ ಆಗುತ್ತದೆ, ವಾರ್ಡಿನಲ್ಲಿ ಮಾತ್ರ ಏನೂ ಆಗುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಅಂದರೆ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಮಕ್ಕಳು ಬಸಿರಿನ 28 ವಾರ ದಾಟಿದ ಮೇಲೆ ಸತ್ತು ಹುಟ್ಟುತ್ತವೆ, ಇನ್ನು ಸುಮಾರು 23 ಲಕ್ಷ ಮಕ್ಕಳು ಹುಟ್ಟಿದ 28 ದಿನದೊಳಗೆ ತೀರಿಕೊಳ್ಳುತ್ತವೆ. ಸತ್ತು ಹುಟ್ಟುವ ಹತ್ತು ಮಕ್ಕಳಲ್ಲಿ ನಾಲ್ಕಕ್ಕಿಂತ ಹೆಚ್ಚು ಮಕ್ಕಳ ಜೀವ ಹೋಗುವುದು ಹೆರಿಗೆ ನೋವು ಶುರುವಾದ ಮೇಲೆ. ಅಂದರೆ ನೋವು ಬಂದಾಗ ಆ ಮಗು ಬದುಕಿತ್ತು. ಈ ಒಂದು ಮಾತನ್ನು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ವಿಷಯ ಹಿಡಿತಕ್ಕೆ ಸಿಗಲಿ ಅಂತ ಒಂದು ಪ್ರಕರಣ ಕಟ್ಟಿಕೊಳ್ಳೋಣ. ಇದು ಕಲ್ಪನೆ, ಯಾವ ಆಸ್ಪತ್ರೆಯದೂ ಅಲ್ಲ. ಮೊದಲ ಹೆರಿಗೆ, 39 ವಾರ. ರಾತ್ರಿ 11:40ಕ್ಕೆ ಬಂದರು. ಬಿಪಿ 150/100. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದಿದೆ. ಮಗುವಿನ ಎದೆಬಡಿತ 140. ಆಮೇಲಿನ ಟಿಪ್ಪಣಿ ಬೆಳಗಿನ ಜಾವ 3:10ರದು: ಎದೆಬಡಿತ ಕೇಳಿಸುತ್ತಿಲ್ಲ. 3:50ಕ್ಕೆ ಹೆರಿಗೆ. ಮಗುವಿನ ತೂಕ 2900 ಗ್ರಾಂ, ಚರ್ಮ ಸುಲಿದಿಲ್ಲ, ಅಳಲಿಲ್ಲ. ರಿಜಿಸ್ಟರಿನಲ್ಲಿ: ಸತ್ತು ಹುಟ್ಟಿದ ಮಗು. ಈ ಪ್ರಕರಣಕ್ಕೆ ಮತ್ತೆ ಮತ್ತೆ ಬರುತ್ತೇನೆ.

ಮೊದಲ ಮೀಟಿಂಗಿಗೂ ಮೊದಲು: ಮಾತು ಹೊರಗೆ ಹೋಗುವುದಿಲ್ಲ ಅನ್ನುವ ಒಪ್ಪಂದ

ಬಹಳ ಜನ ಫಾರ್ಮಿನಿಂದ ಶುರು ಮಾಡುತ್ತಾರೆ. ತಪ್ಪು. ಶುರು ಮಾಡಬೇಕಾದದ್ದು ಭಯದಿಂದ. ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸಿಗೆ ತನ್ನ ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದರೆ, ನೀವು ಎಷ್ಟು ಚಂದದ ಫಾರ್ಮ್ ಕೊಟ್ಟರೂ ಅದರಲ್ಲಿ ನಿಜ ಬರುವುದಿಲ್ಲ.

ನಾನು ಕೂತ ಮೊದಲ ಇಂಥ ಮೀಟಿಂಗಿನಲ್ಲಿ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ "ಆವತ್ತು ಡ್ಯೂಟಿಯಲ್ಲಿ ಯಾರಿದ್ದರು?" ಅಂತ. ಮುಗಿಯಿತು ಕತೆ. ಆಮೇಲೆ ಒಂದು ಗಂಟೆ ಎಲ್ಲರೂ ತಮ್ಮ ತಮ್ಮ ಸಹಿ ಕಾಪಾಡಿಕೊಂಡರು. ಕೊನೆಗೆ ಬರೆದದ್ದು "ತಾಯಿ ತಡವಾಗಿ ಬಂದರು" ಅಂತ. ತಾಯಿ ಆ ಕೋಣೆಯಲ್ಲಿ ಇರಲಿಲ್ಲವಲ್ಲ, ಎದುರು ಮಾತಾಡುವವರು ಯಾರು?

ಹಾಗಾಗಿ ಒಂದು ಪುಟದ ಒಪ್ಪಂದ ಬರೆಯಿರಿ. ಇಲ್ಲಿ ಆಡಿದ ಮಾತು ಶಿಸ್ತುಕ್ರಮಕ್ಕೆ ಬಳಕೆಯಾಗುವುದಿಲ್ಲ. ಪ್ರಕರಣ ಓದುವಾಗ ತಾಯಿಯ ಹೆಸರೂ ಇಲ್ಲ, ಸಿಬ್ಬಂದಿಯ ಹೆಸರೂ ಇಲ್ಲ. ಕಾಗದ ಇಂಥವರ ಬಳಿ, ಬೀಗದೊಳಗೆ. ಹೆಸರಿಲ್ಲ, ದೂರಿಲ್ಲ, ಅವಮಾನವಿಲ್ಲ, ಇಷ್ಟೇ ಸೂತ್ರ. ಆಸ್ಪತ್ರೆಯ ಮುಖ್ಯಸ್ಥರು ಅದಕ್ಕೆ ಮೊದಲು ಸಹಿ ಹಾಕಲಿ, ಉಳಿದವರು ಆಮೇಲೆ. ಒಂದು ಎಚ್ಚರಿಕೆ ಇದೆ. ಇಂಥ ಮೀಟಿಂಗಿನ ಕಾಗದಗಳಿಗೆ ಕೆಲವು ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ, ಕೆಲವು ಕಡೆ ಇಲ್ಲ. ನಿಮ್ಮಲ್ಲಿ ಹೇಗಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಕೊಡಲಾಗದ ಮಾತು ಕೊಡಬೇಡಿ.

"ಹಾಗಾದರೆ ಬೇಕಂತಲೇ ಕರ್ತವ್ಯ ಬಿಟ್ಟವರನ್ನೂ ಸುಮ್ನೆ ಬಿಡುವುದಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಿಡಬೇಕಿಲ್ಲ. ಅದಕ್ಕೆ ಬೇರೆ ದಾರಿ, ಬೇರೆ ಸಮಿತಿ ಇರಲಿ. ಎರಡನ್ನೂ ಒಂದೇ ಕೋಣೆಯಲ್ಲಿ ಮಾಡಿದರೆ ಎರಡೂ ಕೆಡುತ್ತವೆ.

ಯಾವ ಸಾವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು

ಸತ್ತು ಹುಟ್ಟಿದ ಮಕ್ಕಳ ಲೆಕ್ಕವನ್ನು ದೇಶದಿಂದ ದೇಶಕ್ಕೆ ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ ಬಸಿರಿನ 28 ವಾರ ಅಥವಾ ಅದಕ್ಕಿಂತ ಮೇಲೆ ಅನ್ನುವ ಗೆರೆ ಬಳಸುತ್ತದೆ. ಕೆಲವು ದೇಶಗಳಲ್ಲಿ ಗೆರೆ 20, 22 ಅಥವಾ 24 ವಾರಕ್ಕೇ ಇದೆ. ನಿಮ್ಮ ನಿಯಮ ಏನೋ ಅದನ್ನೇ ಬಳಸಿ, ಆದರೆ ನಡುವೆ ಬದಲಿಸಬೇಡಿ. ಹುಟ್ಟಿದ ಮೊದಲ 28 ದಿನದೊಳಗಿನ ಸಾವು ನವಜಾತ ಶಿಶು ಮರಣ, ಅದರಲ್ಲೂ ಮೊದಲ ಏಳು ದಿನದ್ದನ್ನು ಬೇರೆ ಗುರುತಿಸುತ್ತಾರೆ.

ಸಾವು ಹುಡುಕಲು ಹೆರಿಗೆ ರಿಜಿಸ್ಟರ್ ಒಂದೇ ಸಾಕಾಗುವುದಿಲ್ಲ. ಆಪರೇಷನ್ ಥಿಯೇಟರ್, ನವಜಾತ ಶಿಶು ಘಟಕ, ತುರ್ತು ವಿಭಾಗ, ಶವಾಗಾರ, ಈ ಎಲ್ಲ ಕಡೆಯ ರಿಜಿಸ್ಟರ್ ನೋಡಬೇಕು. ಬೇರೆ ಆಸ್ಪತ್ರೆಗೆ ಕಳಿಸಿದ ಮಕ್ಕಳು ಎಲ್ಲಿ ಹೋದವು? ಇದನ್ನು ಯಾರೂ ಕೇಳುವುದಿಲ್ಲ. ಆಂಬುಲೆನ್ಸ್ ಗೇಟು ದಾಟಿದರೆ ನಮ್ಮ ಲೆಕ್ಕದಿಂದ ಹೋಯಿತು ಅಂತ ಒಂದು ಅಭ್ಯಾಸ. ವಾರಕ್ಕೊಂದು ಸಲ ಆ ಕಡೆಯವರಿಗೆ ಫೋನ್ ಮಾಡಿ ಕೇಳಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸತ್ತು ಹುಟ್ಟಿದ ಮಗು ಅಂತ ಬರೆದದ್ದೆಲ್ಲ ಸತ್ತು ಹುಟ್ಟಿದ್ದೇ ಆಗಿರಬೇಕಿಲ್ಲ. ಹುಟ್ಟಿದಾಗ ಉಸಿರಾಡದ, ಮೈ ಜೋತುಬಿದ್ದ ಮಗುವಿನ ಎದೆ ಇನ್ನೂ ಮೆಲ್ಲಗೆ ಬಡಿಯುತ್ತಿರಬಹುದು. ಎದೆ ಬಡಿಯುತ್ತಿದ್ದರೆ ಅದು ಜೀವಂತ ಜನನ. ಆಮೇಲೆ ಉಳಿಯದಿದ್ದರೆ ನವಜಾತ ಶಿಶು ಮರಣ. ಯಾರೂ ಎದೆ ಕೇಳದೆ ಪಕ್ಕಕ್ಕೆ ಇಟ್ಟುಬಿಟ್ಟರೆ ಅದು ಸತ್ತು ಹುಟ್ಟಿದ ಮಗು ಅಂತ ದಾಖಲಾಗುತ್ತದೆ. ಯಾಕೆ ಹೀಗೆ ಬರೆಯುತ್ತಾರೆ? ಕೆಲವೊಮ್ಮೆ ಗೊತ್ತಿಲ್ಲದೆ, ಕೆಲವೊಮ್ಮೆ ಕಾಗದ ಪತ್ರ ಕಡಿಮೆ ಅಂತ, ಕೆಲವೊಮ್ಮೆ ಪ್ರಶ್ನೆ ಕಡಿಮೆ ಅಂತ, ಇನ್ನು ಕೆಲವೊಮ್ಮೆ ತಾಯಿಗೆ ದುಃಖ ಕಡಿಮೆ ಆಗಲಿ ಅನ್ನುವ ಕರುಣೆಯಿಂದಲೂ. ಕಾರಣ ಏನೇ ಇರಲಿ, ವ್ಯತ್ಯಾಸ ಬಹಳ ದೊಡ್ಡದು. ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕಿನಿಂದ ಉಸಿರು ಕೊಟ್ಟಿದ್ದರೆ ಬದುಕಬಹುದಾಗಿದ್ದ ಮಗು ಅದು. ಹಾಗಾಗಿ ಪ್ರತಿ ಫೈಲಿನಲ್ಲೂ ಎರಡು ವಿಷಯ ಹುಡುಕಿ: 1 ಮತ್ತು 5 ನಿಮಿಷದ ಆಪ್ಗಾರ್ ಅಂಕ (ಹುಟ್ಟಿದ ಮಗುವಿನ ಉಸಿರು, ಎದೆಬಡಿತ, ಬಣ್ಣ, ಚಲನೆ ನೋಡಿ ಕೊಡುವ ಅಂಕ) ಬರೆದಿದ್ದಾರಾ, ಹುಟ್ಟಿದ ಕೂಡಲೇ ಎದೆಬಡಿತ ಕೇಳಿದ್ದಾರಾ.

ಚರ್ಮದ ವಿಷಯವೂ ಹಾಗೇ. ಸುಲಿದಿದ್ದರೆ ಹೊಟ್ಟೆಯಲ್ಲೇ ಕೆಲವು ಗಂಟೆಗಳ ಹಿಂದೆ ಜೀವ ಹೋಗಿದೆ ಅಂತ ಊಹೆ, ಸುಲಿಯದೆ ಇದ್ದರೆ ಹೆರಿಗೆಯ ಹೊತ್ತಿನಲ್ಲಿ ಹೋಗಿದೆ ಅಂತ ಊಹೆ. ಊಹೆ ಅಷ್ಟೇ. ತಾಯಿ ಬಾಗಿಲಿಗೆ ಬಂದಾಗ ಎದೆಬಡಿತ ಕೇಳಿ ಬರೆದಿಟ್ಟರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ಸಾವುಗಳು ಜಾಸ್ತಿ ಇರುವ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲವನ್ನೂ ಕೂಲಂಕಷವಾಗಿ ನೋಡಲು ಆಗುವುದಿಲ್ಲ. ಎಲ್ಲದಕ್ಕೂ ಒಂದು ಪುಟದ ಚಿಕ್ಕ ಫಾರ್ಮ್ ತುಂಬಿ, ತಿಂಗಳಿಗೆ ಮೂರು ನಾಲ್ಕನ್ನು ಮಾತ್ರ ಮೀಟಿಂಗಿಗೆ ತನ್ನಿ. ನಾಲ್ಕನ್ನು ಆಳವಾಗಿ ನೋಡುವುದು ನಲವತ್ತನ್ನು ಓದಿ ಮುಗಿಸುವುದಕ್ಕಿಂತ ಎಷ್ಟೋ ಮೇಲು. ಯಾವುದನ್ನು ಆರಿಸಬೇಕು? ನಾನು ಮೊದಲು ಎತ್ತಿಕೊಳ್ಳುವುದು ಇವನ್ನು: ಬಂದಾಗ ಎದೆಬಡಿತ ಇತ್ತು, ತೂಕ 2500 ಗ್ರಾಂ ಅಥವಾ ಜಾಸ್ತಿ, ಹುಟ್ಟು ದೋಷ ಕಾಣಲಿಲ್ಲ, ಆದರೂ ಮಗು ಉಳಿಯಲಿಲ್ಲ. ದಿನ ತುಂಬಿದ, ಗಟ್ಟಿ ಮಗು ನಮ್ಮ ಕೈಯಲ್ಲಿ ಹೋಗಿದೆ ಅಂದರೆ ನಮ್ಮ ಆರೈಕೆ ಬಗ್ಗೆ ಅದು ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ. ನಾವು ಕಟ್ಟಿಕೊಂಡ ಪ್ರಕರಣ ಇದೇ ಗುಂಪಿನದು. ಹಾಗಂತ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು, ಹೊಟ್ಟೆಯಲ್ಲೇ ತೀರಿಕೊಂಡವನ್ನು ಪೂರ್ತಿ ಬಿಡಬೇಡಿ, ಆಗಾಗ ಒಂದೊಂದನ್ನು ತೆಗೆದುಕೊಳ್ಳಿ.

ಮಾಹಿತಿ ಕೂಡಿಸುವುದು: ಬರೆದದ್ದು, ಬರೆಯದೆ ಬಿಟ್ಟದ್ದು

ಚಿಕ್ಕ ಫಾರ್ಮನ್ನು ಒಂದೆರಡು ದಿನದೊಳಗೆ ತುಂಬಿ. ವಾರ ಕಳೆದರೆ ನೆನಪು ತನಗೆ ಬೇಕಾದ ಹಾಗೆ ತಿರುಗಿಕೊಳ್ಳುತ್ತದೆ, ಅದು ಯಾರ ತಪ್ಪೂ ಅಲ್ಲ. ಗರ್ಭಿಣಿಯ ಕಾರ್ಡು, ಕೇಸ್ ಶೀಟು, ಹೆರಿಗೆಯ ಚಾರ್ಟು, ಔಷಧದ ಚಾರ್ಟು, ರೆಫರಲ್ ಚೀಟಿ, ಅರಿವಳಿಕೆ ಟಿಪ್ಪಣಿ, ಮಗುವಿನ ಫೈಲು, ಎಲ್ಲವನ್ನೂ ಒಂದು ಕಡೆ ತನ್ನಿ. ಫೋಟೋಕಾಪಿ ಮಾಡಿಟ್ಟುಕೊಳ್ಳಿ. ಫೈಲುಗಳಿಗೆ ಕಾಲು ಬರುವುದುಂಟು.

ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು ಗಂಟೆ ಗಂಟೆಯ ಪಟ್ಟಿ ಬರೆಯಿರಿ. ಎಡಕ್ಕೆ ಸಮಯ, ಪಕ್ಕದಲ್ಲಿ ಏನಾಯಿತು, ಅದರ ಪಕ್ಕದಲ್ಲಿ ಅದು ಎಲ್ಲಿಂದ ಗೊತ್ತಾಯಿತು. ನಮ್ಮ ಪ್ರಕರಣದಲ್ಲಿ 11:40 ಇದೆ, 3:10 ಇದೆ, ನಡುವೆ ಮೂರೂವರೆ ಗಂಟೆ ಖಾಲಿ. ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಿ. ಹೆರಿಗೆ ನೋವು ಜೋರಾದ ಮೇಲೆ ಮಗುವಿನ ಎದೆಬಡಿತವನ್ನು 15ರಿಂದ 30 ನಿಮಿಷಕ್ಕೊಮ್ಮೆ, ತಾಯಿ ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕದಲ್ಲಿ ಈ ಹಾಳೆಯಲ್ಲಿ ಕಡಿಮೆ ಅಂದರೂ ಆರು ಸಲದ ಅಂಕಿ ಇರಬೇಕಿತ್ತು. ಒಂದೂ ಇಲ್ಲ. ಕೇಳಲೇ ಇಲ್ಲವೋ, ಕೇಳಿ ಬರೆಯಲಿಲ್ಲವೋ? ಇದು ಕಾಗದದಿಂದ ಗೊತ್ತಾಗುವುದಿಲ್ಲ, ಜನರನ್ನೇ ಕೇಳಬೇಕು.

ಸಿಬ್ಬಂದಿಯ ಜೊತೆ ಒಬ್ಬೊಬ್ಬರಾಗಿ ಮಾತಾಡಿ. ಅವರ ಮೇಲಧಿಕಾರಿ ಆ ಹೊತ್ತಿಗೆ ಅಲ್ಲಿರಬಾರದು. "ಯಾಕೆ ಎದೆಬಡಿತ ಕೇಳಲಿಲ್ಲ?" ಅಂತ ಶುರು ಮಾಡಿದರೆ ಬಾಗಿಲು ಮುಚ್ಚುತ್ತದೆ. "ಆ ರಾತ್ರಿ ಹೇಗಿತ್ತು, ಬಂದಾಗಿನಿಂದ ಹೇಳಿ" ಅಂತ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಮಾತು ತಾನಾಗಿ ಬರುತ್ತದೆ. ಕೆಲವೊಮ್ಮೆ ಅಳುವೂ ಬರುತ್ತದೆ. ಅದಕ್ಕೂ ಸಮಯ ಕೊಡಿ, ಮಗು ಹೋದ ಮೇಲೆ ಅವರನ್ನು ಹೇಗಿದ್ದೀರಿ ಅಂತ ಮೊದಲ ಸಲ ಕೇಳುತ್ತಿರುವವರು ನೀವೇ ಇರಬಹುದು.

ತಾಯಿಯ ಜೊತೆ ಮಾತಾಡುವುದನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ. ಅವರಿಗೆ ಗೊತ್ತಿರುವುದು ಯಾವ ಫೈಲಿನಲ್ಲೂ ಇಲ್ಲ. ಮಗು ಅಲುಗಾಡುವುದು ಯಾವಾಗ ಕಡಿಮೆ ಆಯಿತು, ಅದನ್ನು ಯಾರಿಗಾದರೂ ಹೇಳಿದರಾ, ಹೇಳಿದಾಗ ಏನು ಉತ್ತರ ಬಂತು, ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ದಾರಿಯಲ್ಲಿ ಎಲ್ಲಿ ತಡವಾಯಿತು, ರಾತ್ರಿ ಎಷ್ಟು ಸಲ ಕೂಗಿ ಕರೆದರು. ಸಾವಿನ ದಿನವೇ ಹಾಸಿಗೆ ಪಕ್ಕ ಫಾರ್ಮ್ ಹಿಡಿದು ನಿಲ್ಲಬೇಡಿ. ಆಸ್ಪತ್ರೆ ಬಿಡುವ ಮೊದಲು ಒಬ್ಬರು, ಆ ರಾತ್ರಿ ಡ್ಯೂಟಿಯಲ್ಲಿ ಇಲ್ಲದವರು, ಹೋಗಿ ಕೂತು "ಏನಾಯಿತು ಅಂತ ನಾವು ಪರಿಶೀಲನೆ ಮಾಡುತ್ತೇವೆ, ನೀವು ಕಂಡದ್ದನ್ನೂ, ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೂ ನಮಗೆ ಕೊಡುತ್ತೀರಾ?" ಅಂತ ಕೇಳಲಿ. ಬೇಡ ಅಂದರೆ ಬೇಡ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೇಳಿ. ತಂದೆಯನ್ನೂ ಕೇಳಿ, ಅವರು ಹೊರಗೆ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದವರು.

ದೇಹದ ಸಾಕ್ಷಿಯೂ ಇದೆ, ಅದು ಕಾಯುವುದಿಲ್ಲ. ಮಗುವನ್ನು ತೂಗಿ. ಅಂದಾಜು ಬರೆಯಬೇಡಿ. ಮೇಲಿಂದ ಕೆಳಗೆ ಸರಿಯಾಗಿ ನೋಡಿ, ಕಂಡದ್ದನ್ನು ಬರೆಯಿರಿ. ಮಾಸನ್ನು ಕಸದ ಬಕೆಟ್ಟಿಗೆ ಹಾಕುವ ಮೊದಲು ತಿರುಗಿಸಿ ನೋಡಿ: ಹಿಂದೆ ರಕ್ತ ಹೆಪ್ಪುಗಟ್ಟಿದೆಯಾ, ವಾಸನೆ ಇದೆಯಾ, ಹೊಕ್ಕುಳಬಳ್ಳಿಯಲ್ಲಿ ಗಂಟು ಇದೆಯಾ. ಸೌಲಭ್ಯ ಇದ್ದರೆ ಮಾಸನ್ನು ಪೆಥಾಲಜಿಗೆ ಕಳಿಸಿ, ಹೊಟ್ಟೆಯಲ್ಲೇ ತೀರಿಕೊಂಡ ಮಗುವಿನ ಕಾರಣ ಹುಡುಕುವಾಗ ಅಷ್ಟು ಉಪಯೋಗಕ್ಕೆ ಬರುವ ಪರೀಕ್ಷೆ ಬೇರೆ ಕಡಿಮೆ. ತಾಯಿಗೆ ಸಿಫಿಲಿಸ್, ಸಕ್ಕರೆ, ರಕ್ತದ ಗುಂಪಿನ ಪರೀಕ್ಷೆ ಆಗಿದೆಯಾ ನೋಡಿ. ಶವಪರೀಕ್ಷೆ ತಂದೆ ತಾಯಿ ಒಪ್ಪಿದರೆ ಮಾತ್ರ.

ಕಾರಣ ಬರೆಯುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-ಪಿಎಂ ಅನ್ನುವ ವಿಂಗಡಣೆ ಇದೆ, ಅದೂ 2016ರದೇ. ಅದರಲ್ಲಿ ನನಗೆ ಇಷ್ಟವಾದದ್ದು ಎರಡು. ಮೊದಲು ಸಾವು ಯಾವಾಗ ಅಂತ ಕೇಳುತ್ತದೆ: ನೋವು ಬರುವ ಮೊದಲಾ, ಹೆರಿಗೆಯ ಹೊತ್ತಿನಲ್ಲಾ, ಹುಟ್ಟಿದ ಮೇಲಾ. ಎರಡನೆಯದು, ಮಗುವಿನ ಕಾರಣದ ಪಕ್ಕದಲ್ಲೇ ತಾಯಿಯ ಸ್ಥಿತಿಯನ್ನೂ ಬರೆಯಲೇಬೇಕು. ಏನೂ ಇರಲಿಲ್ಲ ಅಂದರೆ ಇರಲಿಲ್ಲ ಅಂತ ಬರೆಯಬೇಕು. ನಮ್ಮ ಪ್ರಕರಣದಲ್ಲಿ "ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕದ ಕೊರತೆ" ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ತಾಯಿಯ ಕಾಲಂ ಇರುವುದರಿಂದ 150/100 ಅನ್ನುವ ಬಿಪಿ ಎದ್ದು ಕಾಣುತ್ತದೆ. ಅದನ್ನು ಮತ್ತೆ ಯಾಕೆ ನೋಡಲಿಲ್ಲ ಅನ್ನುವ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಉಸಿರುಗಟ್ಟಿ ಹೋಯಿತು ಅನ್ನುವುದು ಮಗು ಹೇಗೆ ಹೋಯಿತು ಅನ್ನುವುದಕ್ಕೆ ಉತ್ತರ. ಯಾಕೆ ಅನ್ನುವುದಕ್ಕೆ ಅಲ್ಲ.

ಮೀಟಿಂಗ್

ಹತ್ತು ಹನ್ನೆರಡು ಜನ ಸಾಕು. ಪ್ರಸೂತಿ ವೈದ್ಯರು, ಮಕ್ಕಳ ವೈದ್ಯರು, ಹೆರಿಗೆ ಕೋಣೆಯ ನರ್ಸುಗಳು, ಅರಿವಳಿಕೆಯವರು, ಸಾಧ್ಯವಾದರೆ ಪ್ರಯೋಗಾಲಯದವರು, ಜೊತೆಗೆ ಹಣಕ್ಕೆ ಸಹಿ ಹಾಕುವ ಅಧಿಕಾರ ಇರುವ ಒಬ್ಬರು. ಕೊನೆಯವರು ಬರದಿದ್ದರೆ ಬ್ಯಾಟರಿ ತರುವ ತೀರ್ಮಾನಕ್ಕೂ ಮೂರು ತಿಂಗಳು ಬೇಕು. ತಿಂಗಳಿಗೊಂದು ದಿನ ನಿಗದಿ ಮಾಡಿ, ಒಂದೂವರೆ ಗಂಟೆ ದಾಟಬೇಡಿ. ನಡೆಸುವವರು ಅತಿ ಹಿರಿಯರೇ ಆಗಬೇಕು ಅಂತಿಲ್ಲ. ಯಾರ ಮುಂದೆ ಕಿರಿಯ ನರ್ಸು ಬಾಯಿ ಬಿಡುತ್ತಾರೋ ಅವರು ನಡೆಸಲಿ. ಆ ರಾತ್ರಿ ಇದ್ದವರು ಬರಬೇಕಾ ಬೇಡವಾ ಅನ್ನುವುದನ್ನು ಅವರಿಗೇ ಬಿಡಿ.

ಹೆಸರಿಲ್ಲದೆ ಪ್ರಕರಣ ಓದಿ, ಗಂಟೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಒಂದು ಮಾತು ನೆನಪಿರಲಿ. ಕತೆಯ ಕೊನೆ ಗೊತ್ತಿದ್ದವರಿಗೆ ಸುಳಿವೆಲ್ಲ ಮೊದಲೇ ಕಾಣುತ್ತದೆ. ಮೀಟಿಂಗಿನಲ್ಲಿ ಕೂತ ಎಲ್ಲರಿಗೂ 3:10ಕ್ಕೆ ಏನಾಗುತ್ತದೆ ಅಂತ ಗೊತ್ತು. 12:30ಕ್ಕೆ ವಾರ್ಡಿನಲ್ಲಿ ಓಡಾಡುತ್ತಿದ್ದವರಿಗೆ ಗೊತ್ತಿರಲಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಅವರು ಏನು ಮಾಡಬೇಕಿತ್ತು?" ಅಂತಲ್ಲ. "ಅವರು ಮಾಡಿದ್ದು ಆ ಹೊತ್ತಿಗೆ ಅವರಿಗೆ ಯಾಕೆ ಸರಿ ಅನಿಸಿತು?" ಅಂತ. ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ವಾಕ್ಯ ಬರೆದಿಟ್ಟುಕೊಳ್ಳುವುದಾದರೆ ಇದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಪ್ರಕರಣದಲ್ಲಿ ಆ ಪ್ರಶ್ನೆ ಕೇಳುತ್ತಾ ಹೋಗೋಣ. ಯಾಕೆ ಮೂರೂವರೆ ಗಂಟೆ ಎದೆಬಡಿತ ಕೇಳಲಿಲ್ಲ? ಇಬ್ಬರು ನರ್ಸು, ಏಳು ಜನ ತಾಯಂದಿರು. 12:30ಕ್ಕೆ ಬೇರೆ ಬಾಣಂತಿಯೊಬ್ಬರಿಗೆ ರಕ್ತಸ್ರಾವ ಶುರುವಾಯಿತು, ಒಬ್ಬ ನರ್ಸು ಅಲ್ಲೇ. ಇನ್ನೊಬ್ಬರ ಕೈಯಲ್ಲಿ ಒಂದರ ಹಿಂದೆ ಒಂದು ಎರಡು ಹೆರಿಗೆ. ಸರಿ, ನಡುವೆ ಒಂದು ನಿಮಿಷ ಸಿಕ್ಕಾಗಲೂ ಯಾಕೆ ಕೇಳಲಿಲ್ಲ? ಮಗುವಿನ ಎದೆಬಡಿತ ಕೇಳಿಸುವ ಯಂತ್ರ ಡಾಪ್ಲರ್ ಒಂದೇ ಇತ್ತು, ಬ್ಯಾಟರಿ ಸತ್ತಿತ್ತು. ಹಳೆಯ ಕೊಳವೆಯಂಥ ಫೀಟೋಸ್ಕೋಪ್ ಇರಲಿಲ್ಲವಾ? ಇತ್ತು, ಬೀರುವಿನೊಳಗೆ, ಕೀಲಿ ಹಗಲು ಪಾಳಿಯ ಇನ್‌ಚಾರ್ಜ್ ಬಳಿ. ಬಿಪಿ ಯಾಕೆ ಮತ್ತೆ ನೋಡಲಿಲ್ಲ? ಬಿಪಿ ಯಂತ್ರ ರಕ್ತಸ್ರಾವದ ಹಾಸಿಗೆ ಪಕ್ಕ ಇತ್ತು. ಡಾಕ್ಟರ್ ಎಲ್ಲಿ? ಥಿಯೇಟರಿನಲ್ಲಿ, ಸಿಸೇರಿಯನ್ ಮಾಡುತ್ತಿದ್ದರು. ಹಾಗಾದರೆ ಮನೆಯಲ್ಲಿದ್ದ ಆನ್‌ಕಾಲ್ ಡಾಕ್ಟರಿಗೆ ಯಾಕೆ ಫೋನ್ ಮಾಡಲಿಲ್ಲ?

ಇಲ್ಲಿ ಕೋಣೆ ಸುಮ್ಮನಾಗುತ್ತದೆ. ಕೊನೆಗೆ ಯಾರೋ ಹೇಳುತ್ತಾರೆ: ಹಿಂದೊಮ್ಮೆ ಫೋನ್ ಮಾಡಿದವರಿಗೆ "ಇಷ್ಟಕ್ಕೆಲ್ಲ ನಿದ್ದೆ ಕೆಡಿಸಬೇಕಾ" ಅಂತ ಬೈಗುಳ ಬಿದ್ದಿತ್ತು.

ನೋಡಿ, ಆರನೇ ಪ್ರಶ್ನೆಗೆ ಸಿಕ್ಕಿತು. ಮೊದಲ ಪ್ರಶ್ನೆಗೇ ನಿಲ್ಲಿಸಿದ್ದರೆ "ನರ್ಸಿನ ನಿರ್ಲಕ್ಷ್ಯ" ಅಂತ ಬರೆದು ಎದ್ದು ಹೋಗುತ್ತಿದ್ದೆವು. ಅವರಿಗೆ ನೋಟಿಸ್ ಹೋಗುತ್ತಿತ್ತು, ಡಾಪ್ಲರಿನಲ್ಲಿ ಬ್ಯಾಟರಿ ಇಲ್ಲದೆ ಮುಂದಿನ ರಾತ್ರಿ ಇನ್ನೊಬ್ಬ ನರ್ಸು ಅದೇ ಏಳು ಜನರ ಮುಂದೆ ನಿಲ್ಲುತ್ತಿದ್ದರು.

ಮಾತು ದಾರಿ ತಪ್ಪುತ್ತಿದೆ ಅನಿಸಿದರೆ ತಡೆಗಳನ್ನು ಮೂರು ಗುಂಪು ಮಾಡಿ. ತಡೀಯಸ್ ಮತ್ತು ಮೇನ್ ಅನ್ನುವ ಇಬ್ಬರು 1994ರಲ್ಲಿ ತಾಯಂದಿರ ಸಾವಿನ ಬಗ್ಗೆ ಬರೆಯುವಾಗ ಕೊಟ್ಟ ವಿಂಗಡಣೆ ಇದು, ಶಿಶುಗಳಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ: ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನಿಸಲು ಆದ ತಡ, ದಾರಿಯಲ್ಲಿ ಆದ ತಡ, ಬಂದ ಮೇಲೆ ಆರೈಕೆ ಸಿಗಲು ಆದ ತಡ. ಆಸ್ಪತ್ರೆಯವರಿಗೆ ಮೊದಲ ಎರಡರ ಮೇಲೆ ವಿಪರೀತ ಪ್ರೀತಿ. ಅವು ನಮ್ಮ ಕೈಯಲ್ಲಿಲ್ಲವಲ್ಲ, ಅದಕ್ಕೆ. ಮೀಟಿಂಗ್ ನಡೆಸುವವರು ಮೂರನೆಯದರಿಂದಲೇ ಶುರು ಮಾಡಲಿ.

ಎಲ್ಲ ಸಾವನ್ನೂ ತಡೆಯಬಹುದಿತ್ತು ಅನ್ನುವುದೂ ಸರಿಯಲ್ಲ. ಎಲ್ಲರೂ ಎಲ್ಲವನ್ನೂ ಸರಿಯಾಗಿಯೇ ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಅಂಥ ಪ್ರಕರಣ ಬಂದಾಗ ಹಾಗೆಂದು ಬಾಯಿಬಿಟ್ಟು ಹೇಳಿ. ಆ ಪಾಳಿಯವರು ಎಷ್ಟೋ ದಿನದಿಂದ ಆ ಮಾತಿಗೆ ಕಾಯುತ್ತಿರುತ್ತಾರೆ.

ಸಲಹೆ ಬರೆಯುವಾಗ

"ಸಿಬ್ಬಂದಿ ಹೆಚ್ಚು ಜಾಗ್ರತೆ ವಹಿಸಬೇಕು." "ಎಲ್ಲರಿಗೂ ತರಬೇತಿ ಕೊಡಬೇಕು." "ದಾಖಲೆ ಸರಿಯಾಗಿ ಬರೆಯಬೇಕು." ಈ ಮೂರು ವಾಕ್ಯ ನಿಮ್ಮ ನಡಾವಳಿಯಲ್ಲಿ ಬಂದರೆ ಹರಿದು ಮತ್ತೆ ಬರೆಯಿರಿ. ಜಾಗ್ರತೆ ಅನ್ನುವುದು ಏಳು ಜನರ ನಡುವೆ ಹಂಚಿಹೋದಾಗ ಎಷ್ಟು ಉಳಿಯುತ್ತದೆ? ತರಬೇತಿ ಬೇಡ ಅಂತಲ್ಲ. ಬ್ಯಾಗ್ ಮತ್ತು ಮಾಸ್ಕ್ ಹಿಡಿಯುವ ಕೈ ಅಭ್ಯಾಸ ತಪ್ಪಿದರೆ ಕೆಡುತ್ತದೆ, ಅದಕ್ಕೆ ಆಗಾಗ ಗೊಂಬೆಯ ಮೇಲೆ ಅಭ್ಯಾಸ ಬೇಕೇ ಬೇಕು. ಆದರೆ ಕೀಲಿ ಇಲ್ಲದ ಬೀರುವಿಗೆ ತರಬೇತಿ ಪರಿಹಾರ ಅಲ್ಲ.

ಗಟ್ಟಿ ಸಲಹೆ ಅಂದರೆ, ದಣಿದ ಮನುಷ್ಯ ಬೆಳಗಿನ ಜಾವ ಮೂರಕ್ಕೂ ಸರಿಯಾದದ್ದನ್ನೇ ಮಾಡುವಷ್ಟು ಅದನ್ನು ಸುಲಭ ಮಾಡುವುದು. ನಮ್ಮ ಪ್ರಕರಣಕ್ಕೆ ನಾನಾದರೆ ಹೀಗೆ ಬರೆಯುತ್ತಿದ್ದೆ. ಒಂದೊಂದು ಹೆರಿಗೆ ಹಾಸಿಗೆಗೂ ಒಂದೊಂದು ಫೀಟೋಸ್ಕೋಪ್, ದಾರ ಕಟ್ಟಿ ನೇತುಹಾಕಿ, ಬೀಗ ಬೇಡ. ಡಾಪ್ಲರಿನ ಬ್ಯಾಟರಿಯನ್ನು ಪಾಳಿ ಬದಲಾಗುವಾಗ ಇಬ್ಬರೂ ಒಟ್ಟಿಗೆ ಒತ್ತಿ ನೋಡುವುದು, ಹೆಚ್ಚುವರಿ ಬ್ಯಾಟರಿ ಅದೇ ಟ್ರೇಯಲ್ಲಿ. ಇನ್ನೊಂದು ಬಿಪಿ ಯಂತ್ರ. ಕೊನೆಯದು ಎಲ್ಲಕ್ಕಿಂತ ಮುಖ್ಯ: ನೋವು ಜೋರಾದ ತಾಯಂದಿರ ಸಂಖ್ಯೆ ಇಷ್ಟು ದಾಟಿದರೆ, ಅಥವಾ ಒಬ್ಬರಿಗೆ ರಕ್ತಸ್ರಾವ ಆದರೆ, ನರ್ಸು ಯಾರ ಅನುಮತಿಯನ್ನೂ ಕೇಳದೆ ಆನ್‌ಕಾಲ್‌ಗೆ ಫೋನ್ ಮಾಡುವುದು, ಅವರು ಯಾಕೆ ಅಂತ ಕೇಳದೆ ಬರುವುದು. ಈ ನಿಯಮದ ಕೆಳಗೆ ಮುಖ್ಯಸ್ಥರ ಸಹಿ ಹಾಕಿಸಿ ಫೋನಿನ ಪಕ್ಕ ಅಂಟಿಸಿ.

ಒಂದು ಮೀಟಿಂಗಿಗೆ ಮೂರು ಸಲಹೆ ಸಾಕು, ಜಾಸ್ತಿ ಅಂದರೆ ನಾಲ್ಕು. ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಖು. ಇಲ್ಲಿ ಮಾತ್ರ ಹೆಸರು ಬೇಕು. "ಸಂಬಂಧಪಟ್ಟವರು" ಅಂತ ಬರೆದರೆ ಯಾರಿಗೂ ಸಂಬಂಧಪಡುವುದಿಲ್ಲ. ಹೊಸ ಕಟ್ಟಡ, ಹೊಸ ಹುದ್ದೆ ಅಂಥ ದೊಡ್ಡ ಬೇಡಿಕೆಗಳನ್ನು ಬೇರೆ ಪಟ್ಟಿ ಮಾಡಿ ಮೇಲೆ ಕಳಿಸಿ. ಅದಕ್ಕಾಗಿ ಬ್ಯಾಟರಿ ಕಾಯುವುದು ಬೇಡ.

ತಂದೆ ತಾಯಿಗೆ ಉತ್ತರ

ಅವರು ಪ್ರಶ್ನೆ ಕೊಟ್ಟಿದ್ದರು ಅಲ್ವಾ? ಉತ್ತರ ಹೇಳಲೇಬೇಕು. ಮೀಟಿಂಗ್ ಮುಗಿದ ಮೇಲೆ ಅವರನ್ನು ಕರೆದು, ಹೆರಿಗೆ ವಾರ್ಡಿನಿಂದ ದೂರ ಇರುವ ಒಂದು ಕೋಣೆಯಲ್ಲಿ, ಮಕ್ಕಳ ಅಳು ಕೇಳಿಸದ ಕಡೆ ಕೂರಿಸಿ ಮಾತಾಡಿ. ಗೊತ್ತಾದದ್ದನ್ನು ಸರಳವಾಗಿ ಹೇಳಿ. ಗೊತ್ತಾಗದೆ ಉಳಿದದ್ದನ್ನು ಗೊತ್ತಾಗಲಿಲ್ಲ ಅಂತಲೇ ಹೇಳಿ. ಆರೈಕೆಯಲ್ಲಿ ಕೊರತೆ ಆಗಿದ್ದರೆ ಕ್ಷಮೆ ಕೇಳಿ. ಮುಂದಿನ ಬಸಿರಿನಲ್ಲಿ ಏನು ಗಮನಿಸಬೇಕು ಅಂತ ಬರೆದುಕೊಡಿ, ಆ ಚೀಟಿಯನ್ನು ಅವರು ಬಹಳ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರಿನಿಂದಲೇ ಮಾತಾಡಿ.

ಹೀಗೆ ಹೇಳಿದರೆ ಜಗಳಕ್ಕೆ ಬರುತ್ತಾರೆ ಅಂತ ಹೆದರುವವರಿದ್ದಾರೆ. ನಾನು ಕಂಡ ಮಟ್ಟಿಗೆ ಜನ ಜಗಳಕ್ಕೆ ಬರುವುದು ಏನೂ ಹೇಳದೆ ಇದ್ದಾಗ.

ಫಲ ಬಂತಾ ನೋಡುವುದು

ಮುಂದಿನ ಮೀಟಿಂಗಿನ ಮೊದಲ ಹತ್ತು ನಿಮಿಷ ಹಿಂದಿನ ಸಲಹೆಗಳಿಗೆ. ಆಯಿತಾ, ಇಲ್ಲವಾ, ಇಲ್ಲದಿದ್ದರೆ ಯಾಕೆ. ಅದು ಮುಗಿಯದೆ ಹೊಸ ಪ್ರಕರಣ ತೆರೆಯಬೇಡಿ.

ಸಾವಿನ ಸಂಖ್ಯೆ ಕಡಿಮೆ ಆಯಿತಾ ಅಂತ ತಿಂಗಳು ತಿಂಗಳು ನೋಡಿದರೆ ಮೋಸ ಹೋಗುತ್ತೀರಿ. ಚಿಕ್ಕ ಆಸ್ಪತ್ರೆಯಲ್ಲಿ ಅಂಕಿ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಜೊತೆಗೆ, ಸರಿಯಾಗಿ ಎಣಿಸಲು ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರಿದ ಹಾಗೆ ಕಾಣುವುದೇ ಜಾಸ್ತಿ. ಅದಕ್ಕೆ ಯಾರನ್ನೂ ಬೈಯಬೇಡಿ, ಬೈದರೆ ಮುಂದಿನ ತಿಂಗಳು ಎಣಿಕೆಯೇ ಇಳಿಯುತ್ತದೆ. ಬದಲಿಗೆ ಕೆಲಸವನ್ನೇ ಅಳೆಯಿರಿ. ನಮ್ಮ ಪ್ರಕರಣದ ಮೇಲೆ ತೀರ್ಮಾನ ಮಾಡಿದ ಮೇಲೆ, ತಿಂಗಳಿಗೊಮ್ಮೆ 20 ಕೇಸ್ ಶೀಟನ್ನು ಕಣ್ಣುಮುಚ್ಚಿ ಎಳೆದು, ಎಷ್ಟರಲ್ಲಿ ಅರ್ಧ ಗಂಟೆಗೊಮ್ಮೆ ಎದೆಬಡಿತ ಬರೆದಿದ್ದಾರೆ ಅಂತ ಎಣಿಸಿ. ಆನ್‌ಕಾಲ್‌ಗೆ ಎಷ್ಟು ಸಲ ಫೋನ್ ಹೋಯಿತು ಅಂತಲೂ ನೋಡಿ. ಮೂರು ತಿಂಗಳಲ್ಲಿ ಒಂದೂ ಹೋಗಿಲ್ಲ ಅಂದರೆ ವಾರ್ಡು ಶಾಂತವಾಗಿದೆ ಅಂತಲ್ಲ, ಇನ್ನೂ ಹೆದರುತ್ತಿದ್ದಾರೆ ಅಂತ.

ಎಣಿಸುವಾಗ ಅಂಕಿಗಳನ್ನು ಸುಮ್ನೆ ಒಮ್ಮೆ ಓದಿಯೂ ನೋಡಿ. ಬದುಕಿರುವ ಮಗುವಿನ ಎದೆಬಡಿತ ಒಂದೇ ಕಡೆ ನಿಲ್ಲುವುದಿಲ್ಲ, 132, 146, 138, 150 ಅಂತ ಓಡಾಡುತ್ತಿರುತ್ತದೆ. 20ರಲ್ಲಿ 19 ಶೀಟು ಪೂರ್ತಿ ತುಂಬಿವೆ ಅಂತ ಖುಷಿಪಡುವಾಗ, ಅದರಲ್ಲಿ ಆರು ಶೀಟಿನ ಉದ್ದಕ್ಕೂ 140, 140, 140, 140 ಅಂತ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದದ್ದು ಕಂಡರೆ, ಆ ಆರು ಶೀಟು ಹೆರಿಗೆ ಮುಗಿದ ಮೇಲೆ ತುಂಬಿದ್ದಿರಬಹುದು. ನೋಟಿಸ್ ಕೊಡಬೇಡಿ. ಆ ಆರು ಹೆರಿಗೆ ಯಾವ ಪಾಳಿಯಲ್ಲಿ ಆಯಿತು, ಆಗ ವಾರ್ಡಿನಲ್ಲಿ ಎಷ್ಟು ಜನ ತಾಯಂದಿರಿದ್ದರು, ದಾರ ಕಟ್ಟಿ ನೇತುಹಾಕಿದ ಫೀಟೋಸ್ಕೋಪ್ ಇನ್ನೂ ಅಲ್ಲೇ ಇದೆಯಾ ಅಂತ ಹೋಗಿ ನೋಡಿಕೊಂಡು ಬನ್ನಿ.